ಬೆಳಗಾವಿಯ ಮೃಗಾಲಯವನ್ನು ಮುಚ್ಚಬೇಕೇ?

2025ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಬೆಳಗಾವಿಯ ಹತ್ತಿರ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ನಡೆದುದನ್ನು ವಾಚಕರು ಇಷ್ಟು ಬೇಗ ಮರೆತಿರಲಾರರು. ಅಲ್ಲಿದ್ದ ಕೃಷ್ಣಮೃಗಗಳು 38. ಆ ತಿಂಗಳ 13ರಂದು 8 ಸತ್ತವು, 15ರಂದು 20, ಆಮೇಲೆ ಮತ್ತೆ 3. ವಾರವೊಂದು ತುಂಬುವಷ್ಟರಲ್ಲಿ 31 ಮೃಗಗಳು ಮಣ್ಣುಗೂಡಿ 7 ಮಾತ್ರ ಉಳಿದವು. ಮನುವು ಯಾವ ನೆಲದಲ್ಲಿ ಕೃಷ್ಣಮೃಗವು ಸಹಜವಾಗಿ ಸಂಚರಿಸುವುದೋ ಅದೇ ಯಜ್ಞಯೋಗ್ಯವಾದ ದೇಶವೆಂದು ಹೇಳಿರುವನಷ್ಟೆ. ಅಂಥ ಪ್ರಾಣಿಯನ್ನು ಬೇಲಿಯೊಳಗಿಟ್ಟು ಸಾಕಿದವರು ಹೀಗೆ ಕಳೆದುಕೊಂಡರೆಂಬುದು ಜಿಲ್ಲೆಗೇ ತಲೆತಗ್ಗಿಸುವ ಸಂಗತಿ.

ಇಂಥ ಅನಾಹುತವಾದಾಗಲೆಲ್ಲ ವಿದ್ಯಾವಂತರ ಬಾಯಿಂದ ಒಂದು ಮಾತು ತಪ್ಪದೆ ಹೊರಡುವುದು: ಈ ಸಣ್ಣ ಸಣ್ಣ ಮೃಗಾಲಯಗಳೇಕೆ ಬೇಕು? ಮುಚ್ಚಿಬಿಡಲಿ. ಹೀಗೆ ಹೇಳುವವರಲ್ಲಿ ಎರಡು ಪಂಗಡದವರುಂಟು. ಒಬ್ಬರು ದಯಾಳುಗಳು, ಪಂಜರವೆಂಬುದೇ ಪಾಪವೆನ್ನುವರು. ಮತ್ತೊಬ್ಬರು ಲೆಕ್ಕಿಗರು, ಚೀಟಿಯ ಹುಟ್ಟುವಳಿಯು ಮೇವಿಗೂ ಮಾಂಸಕ್ಕೂ ಸಾಲದಿದ್ದಲ್ಲಿ ಅಂಗಡಿಯನ್ನು ಏಕೆ ತೆರೆದಿಡಬೇಕೆಂದು ಕೇಳುವರು. ದಯೆಗೂ ಜಮಾಖರ್ಚಿಗೂ ಬೇರೆಲ್ಲಿಯೂ ಇಷ್ಟು ಸುಲಭವಾಗಿ ಸಖ್ಯವಾಗುವುದಿಲ್ಲ.

ಮುಚ್ಚುವುದು ಯಾವಾಗಲೂ ತಪ್ಪೆಂದು ವಾದಿಸುವವನು ಚರಿತ್ರೆಯನ್ನು ಅರಿಯದವನೇ ಸರಿ. ವನ್ಯಜೀವಿ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯ ಮೇರೆಗೆ ಮರುವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರವು ಹುಟ್ಟಿತು. ಅದು ದೇಶದ 347 ಮೃಗಾಲಯಗಳನ್ನು ಪರೀಕ್ಷಿಸಿ 183ಕ್ಕೆ ಮನ್ನಣೆಯನ್ನು ನಿರಾಕರಿಸಿತು. ಆ ಪೈಕಿ 92 ಮುಚ್ಚಿಹೋದವೆಂದು ಅದರ ಹಿಂದಿನ ಲೆಕ್ಕದಲ್ಲಿಯೇ ಇದೆ. ಕಂಬಿಯ ಗೂಡಿನಲ್ಲಿ ಚಿರತೆಯನ್ನು ಕೂಡಿಹಾಕಿ ಕಡಲೆಕಾಯಿ ಎಸೆಯುವವರಿಗೆ ತೋರಿಸುತ್ತಿದ್ದಂಥ ಸ್ಥಳಗಳು ಹೋದದ್ದಕ್ಕೆ ಕಣ್ಣೀರಿಡಬೇಕಾದುದಿಲ್ಲ. ಬಳ್ಳಾರಿ ಪಟ್ಟಣದೊಳಗಿನ ಚಿಕ್ಕ ಮೃಗಾಲಯದ ಪ್ರಾಣಿಗಳೂ ಕಮಲಾಪುರದ ಬಳಿಯ ವಿಶಾಲವಾದ ಹೊಸ ಪ್ರಾಣಿಸಂಗ್ರಹಾಲಯಕ್ಕೆ ಹೋದವು, ಅದೂ ಉಚಿತವೇ. ಅಲ್ಲಿ ಒಂದು ಮುಚ್ಚಿದಾಗ ಕೈಗೆಟಕುವ ದೂರದಲ್ಲಿ ಇನ್ನೊಂದು ತೆರೆದಿತ್ತು. ಬೆಳಗಾವಿಗೆ ಹಾಗೆ ತೆರೆಯುವ ಬಾಗಿಲು ಯಾವುದು?

ಮೊದಲು ರೋಗದ ವಿಚಾರ. ಪರೀಕ್ಷೆಯಲ್ಲಿ ಕಂಡುಬಂದುದು ಗಳಲೆ ರೋಗ. ದನ ಎಮ್ಮೆ ಕಟ್ಟಿದ ಒಕ್ಕಲಿಗನಿಗೆ ಇದು ಅಪರಿಚಿತವಲ್ಲ. ಮಳೆಗಾಲಕ್ಕೆ ಮೊದಲು ಲಸಿಕೆ ಹಾಕಿಸುವುದು ಹಳ್ಳಿಗಳಲ್ಲಿ ರೂಢಿಯಾಗಿದೆ. ಇದಕ್ಕೆ ಕಾರಣವಾದ ಪಾಶ್ಚುರೆಲ್ಲಾ ಎಂಬ ಸೂಕ್ಷ್ಮಾಣುವು ಪ್ರಾಣಿಯ ಗಂಟಲಲ್ಲಿ ಸದ್ದಿಲ್ಲದೆ ಅಡಗಿದ್ದು, ಹವೆ ಬದಲಾದಾಗಲೋ ಮೈಯ ಕಸುವು ಕುಂದಿದಾಗಲೋ ತಲೆಯೆತ್ತುವುದು; ಆಮೇಲೆ ಜ್ವರ, ಗಂಟಲ ಬಾವು, ಉಸಿರುಗಟ್ಟು, ಒಂದೆರಡು ದಿನಗಳಲ್ಲಿ ಮರಣ. ಎತ್ತಿಗೆ ಹಾಕಿದಂತೆ ಜಿಂಕೆಗೂ ಹಾಕಿದ್ದರಾಗುತ್ತಿತ್ತಲ್ಲ ಎಂಬುದು ಸುಲಭದ ಮಾತು. ಕೃಷ್ಣಮೃಗವು ಹಗ್ಗಕ್ಕೆ ನಿಲ್ಲುವ ಪ್ರಾಣಿಯಲ್ಲ. ಹಿಡಿಯಹೋದರೆ ಬೆದರಿ, ಆ ಬೆದರಿನಿಂದಲೇ ಸಾಯುವುದುಂಟು. ಆದುದರಿಂದಲೇ ಹಿಂಡನ್ನು ಎರಡು ಮೂರು ಆವರಣಗಳಲ್ಲಿ ಪಾಲುಮಾಡಿಡುವುದು, ಊರ ದನಗಳ ಸೋಂಕು ನೀರಿಗಾಗಲಿ ಮೇವಿಗಾಗಲಿ ತಗಲದಂತೆ ಕಾಯುವುದು, ಮೊದಲನೆಯದು ಮಂಕಾಗಿ ನಿಂತ ಗಳಿಗೆಯಲ್ಲಿಯೇ ಉಳಿದವನ್ನು ದೂರಮಾಡುವುದು ಅಗತ್ಯ. ಕಾಡುಪ್ರಾಣಿಗಳ ವೈದ್ಯವನ್ನೇ ಕಲಿತು ಅಲ್ಲಿಯೇ ವಾಸಿಸುವ ವೈದ್ಯನೊಬ್ಬನು ಬೇಕು. ಇದರಲ್ಲಿ ಯಾವುದೂ ಮೃಗಾಲಯವು ದೊಡ್ಡದೋ ಸಣ್ಣದೋ ಎಂಬುದನ್ನು ಅವಲಂಬಿಸಿಲ್ಲ. ರಾಜಧಾನಿಯ ಮಗ್ಗುಲಲ್ಲಿಯೇ ಇರುವ ಬನ್ನೇರುಘಟ್ಟದಲ್ಲಿ 2023ರಲ್ಲಿ 7 ಚಿರತೆ ಮರಿಗಳು ಸಾಂಕ್ರಾಮಿಕಕ್ಕೆ ತುತ್ತಾದವು. ಅದಕ್ಕಾಗಿ ಬನ್ನೇರುಘಟ್ಟಕ್ಕೆ ಬೀಗ ಬೀಳಲಿಲ್ಲ, ಬೀಳಬೇಕಾಗಿಯೂ ಇರಲಿಲ್ಲ. ದೊಡ್ಡವರ ಮನೆಯಲ್ಲಿ ಮಗು ಬಿದ್ದರೆ ವೈದ್ಯ, ಬಡವನ ಮನೆಯಲ್ಲಿ ಬಿದ್ದರೆ ಬೈಗಳು ಎಂಬ ನ್ಯಾಯ ಇಲ್ಲಿ ಸಲ್ಲದು.

ಮುಚ್ಚಿದರೆ ನಷ್ಟ ಯಾರಿಗೆ? ಮೋಟಾರು ಉಳ್ಳ ಕುಟುಂಬವು ರಜೆಯಲ್ಲಿ ಮೈಸೂರಿಗೆ ಹೋಗಿ, 1892ರಿಂದ ನಡೆದುಬಂದಿರುವ ಅಲ್ಲಿಯ ಮೃಗಾಲಯವನ್ನು ಕಂಡು ಬರುವುದು. ಬೆಳಗಾವಿಯಿಂದ ಮೈಸೂರು 500 ಕಿಲೋಮೀಟರಿಗೂ ಮಿಕ್ಕ ದೂರ. ಶಹಾಪುರದ ನೇಕಾರನ ಮಗಳಿಗೆ, ಹಿರೇಬಾಗೇವಾಡಿಯ ಕೂಲಿಕಾರನ ಮಗನಿಗೆ, ಶಾಲೆಯವರು ಒಂದು ದಿನ ಬಸ್ಸು ಮಾಡಿ ಕರೆದೊಯ್ದು ಸಂಜೆಗೆ ಮನೆ ಸೇರಿಸಬಹುದಾದುದು ಭೂತರಾಮನಹಟ್ಟಿ ಮಾತ್ರ. ಪಂಜರವು ಪಾಪವೆನ್ನುವ ದಯಾಳುಗಳು ತಾವು ಬಾಲ್ಯದಲ್ಲಿ ಎಲ್ಲಿ ಪ್ರಾಣಿಗಳನ್ನು ಕಂಡು ಬೆರಗಾದರೆಂಬುದನ್ನು ಒಮ್ಮೆ ನೆನೆಯಲಿ.

ಆದರೆ ಉಳಿಸಿಕೊಳ್ಳಬೇಕೆಂಬ ಪಕ್ಷದವರ ತಪ್ಪೂ ಚಿಕ್ಕದಲ್ಲ. ಈ ಸ್ಥಳವು ಮೊದಲು ನಿಸರ್ಗಧಾಮವಾಗಿದ್ದಿತು. ಜಿಂಕೆಗಳೂ ಮರದ ನೆರಳೂ ಅಲ್ಲಿಯ ಸೊಬಗಾಗಿದ್ದವು. ಜನವನ್ನು ಸೆಳೆಯಬೇಕೆಂಬ ಹಂಬಲದಿಂದ 2021ರಲ್ಲಿ ಬನ್ನೇರುಘಟ್ಟದಿಂದ ಸಿಂಹಗಳನ್ನು ತರಿಸಲಾಯಿತು. ಕರ್ನಾಟಕದ ಯಾವ ಅಡವಿಯಲ್ಲಿಯೂ ಇಂದು ಸಿಂಹವಿಲ್ಲ. ಸಿಂಹವನ್ನು ಸಾಕುವುದೆಂದರೆ ದಿನದಿನದ ಮಾಂಸ, ಬಲವಾದ ಆವರಣ, ಇಮ್ಮಡಿ ಕಾವಲು. ಸಣ್ಣ ಮೃಗಾಲಯದ ಅಲ್ಪ ಬೊಕ್ಕಸವನ್ನು ರಾಜಗಾಂಭೀರ್ಯದ ಒಂದು ಪ್ರಾಣಿಯೇ ಬರಿದುಮಾಡಬಲ್ಲುದು. ಸಣ್ಣದು ದೊಡ್ಡದರ ವೇಷ ಹಾಕಿದಾಗಲೇ ಅದರ ಬಡತನ ಎದ್ದು ಕಾಣುವುದು. ದೊಡ್ಡ ಮೃಗಾಲಯವು ಜಗತ್ತನ್ನು ತೋರಿಸಲಿ; ಜಿಲ್ಲೆಯ ಮೃಗಾಲಯಕ್ಕೆ ಜಿಲ್ಲೆಯನ್ನು ತೋರಿಸುವ ಕೆಲಸವೇ ಧಾರಾಳವಾಗಿದೆ.

ಆ ಕೆಲಸವೆಷ್ಟು ದೊಡ್ಡದೆಂಬುದಕ್ಕೆ ಖಾನಾಪುರ ತಾಲೂಕೊಂದೇ ಸಾಕು. ಅಲ್ಲಿಯ ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟುವಳು. ಅದೇ ಸೀಮೆಯ ಕಾಡಿನಿಂದ ಮಹಾದಾಯಿಯು ಪಡುವಣಕ್ಕೆ ಹರಿಯುವಳು. 2011ರಲ್ಲಿ ಅಭಯಾರಣ್ಯವೆಂದು ಸಾರಲ್ಪಟ್ಟ ಭೀಮಗಡದ 190 ಚದರ ಕಿಲೋಮೀಟರುಗಳಲ್ಲಿ ಹುಲಿ, ಕಾಡುಕೋಣ, ಕರಡಿ, ಕಾಳಿಂಗಸರ್ಪಗಳಿವೆ. ಅಲ್ಲಿಯ ತಳೇವಾಡಿಗೆ ಹತ್ತಿರದ ಬಾರಾಪೇಡೆ ಗುಹೆಯಲ್ಲಿ ಒಂದು ಬಾವಲಿಯುಂಟು. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞನು ಅದನ್ನು ಶಾಸ್ತ್ರೀಯವಾಗಿ ವರ್ಣಿಸಿ, ಮುಂಬಯಿ ಇಲಾಖೆಯ ಅರಣ್ಯಾಧಿಕಾರಿಯಾಗಿದ್ದ ರಾಟನ್ ಮಹಾಶಯನ ಹೆಸರನ್ನು ಅದಕ್ಕಿಟ್ಟನು. ಬಹುಕಾಲ ಈ ಬಾವಲಿಗೆ ಭೂಮಂಡಲದಲ್ಲಿ ಈ ಗುಹೆಯೊಂದೇ ನೆಲೆಯೆಂದು ತಿಳಿಯಲಾಗಿತ್ತು. ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಕಂಡುಬಂದುದು ತೀರ ಈಚೆಗೆ. ಲಂಡನ್ನಿನ ವಿದ್ವಾಂಸನು ನೂರು ವರ್ಷಗಳ ಹಿಂದೆ ಬಲ್ಲ ಈ ಜೀವಿಯನ್ನು ಬೆಳಗಾವಿಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು?

ಆ ಗುಹೆಗೆ ಜನವನ್ನು ಬಿಡತಕ್ಕದ್ದಲ್ಲ. ದೀಪ ಗದ್ದಲಗಳಿಂದ ಬಾವಲಿಯು ನೆಲೆ ಬಿಟ್ಟೀತು. ಬಾವಲಿಯನ್ನು ಹಿಡಿದು ತಂದು ಗಾಜಿನೊಳಗಿಡುವುದೂ ಬೇಡ. ನೋಡಲಾಗದುದನ್ನು ತಿಳಿಸಿಕೊಡುವ ಮನೆ ಇದ್ದರೆ ಸಾಕು. ಖಾನಾಪುರ ಪಟ್ಟಣದಲ್ಲಿ ನಿಸರ್ಗಶಿಕ್ಷಣಕ್ಕೆ ನಾಲ್ಕು ಕೋಣೆಗಳಿರಲಿ: ಚಿತ್ರಗಳು, ಕಾಡಿನ ನಕಾಶೆ, ಬಾವಲಿಯ ಕೂಗನ್ನು ಕಿವಿಗೆ ಕೇಳುವಂತೆ ಇಳಿಸಿ ತೋರಿಸುವ ಯಂತ್ರ, ಕನ್ನಡ ಮರಾಠಿಗಳೆರಡರಲ್ಲಿಯೂ ವಿವರಿಸಬಲ್ಲ ಒಬ್ಬ ಉಪಾಧ್ಯಾಯ. ಗದ್ದೆಗೆ ಹೋದವನ ಮೇಲೆ ಕರಡಿ ಬಿದ್ದ ಸುದ್ದಿ ಆ ತಾಲೂಕಿನಿಂದ ಆಗಾಗ ಬರುವುದು. ಕರಡಿಯು ಏಕೆ ಬೆಚ್ಚುವುದು, ಅದೆದುರಾದಾಗ ಏನು ಮಾಡಬೇಕು ಎಂಬುದನ್ನು ಅಲ್ಲಿಯ ಮಕ್ಕಳಿಗೆ ಕಲಿಸುವುದು ವಿನೋದವಲ್ಲ, ಪ್ರಾಣದ ಪ್ರಶ್ನೆ. ಹಾಗೆಯೇ ಭೂತರಾಮನಹಟ್ಟಿಯಲ್ಲಿ ಗಾಯಗೊಂಡ, ತಾಯಿ ತಪ್ಪಿದ ಸ್ಥಳೀಯ ಪ್ರಾಣಿಗಳಿಗೆ ಆಶ್ರಯವೂ ಚಿಕಿತ್ಸೆಯೂ ಮೊದಲ ಕೆಲಸವಾಗಲಿ, ಪ್ರದರ್ಶನವು ಆಮೇಲೆ.

ಹಣವೆಲ್ಲಿಂದ ಎಂದು ಲೆಕ್ಕಿಗರು ಕೇಳದೆ ಬಿಡರು. ರಾಜ್ಯದ 9 ಮೃಗಾಲಯಗಳು ಒಂದೇ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೈಕೆಳಗಿವೆ. ಮೈಸೂರು ಬನ್ನೇರುಘಟ್ಟಗಳಿಗೆ ಬರುವ ಜನವು ಗದಗ, ದಾವಣಗೆರೆ, ಚಿತ್ರದುರ್ಗಗಳಿಗೆ ಬಾರದು. ಒಂದೇ ಕುಟುಂಬದಲ್ಲಿ ಗಳಿಸುವ ಅಣ್ಣನು ತಮ್ಮನ ಶಾಲೆಯ ಖರ್ಚು ಕೊಡುವುದು ಹೊಸ ಪದ್ಧತಿಯಲ್ಲ. ಗ್ರಂಥಾಲಯವು ಲಾಭ ತರುವುದೇ ಎಂದು ಯಾರೂ ಕೇಳುವುದಿಲ್ಲವಲ್ಲ.

ನವೆಂಬರಿನ ಸಾವುಗಳ ಮೇಲೆ ವಿಚಾರಣೆಗೆ ಅರಣ್ಯಮಂತ್ರಿಗಳು ಆಜ್ಞೆ ಮಾಡಿದರು. ಆ ವಿಚಾರಣೆಯಲ್ಲಿ ಹೊರಪಟ್ಟುದೆಲ್ಲವನ್ನೂ, ತಪ್ಪು ಯಾವ ಗಳಿಗೆಯಲ್ಲಿ ಆಯಿತೆಂಬುದನ್ನು ಬಿಡದೆ, ತಿಳಿಗನ್ನಡದಲ್ಲಿ ಬರೆಯಿಸಿ ಮೃಗಾಲಯದ ಹೆಬ್ಬಾಗಿಲಲ್ಲಿಯೇ ತೂಗಹಾಕಲಿ. ಚೀಟಿ ಕೊಂಡು ಒಳಹೋಗುವ ಪ್ರತಿಯೊಬ್ಬನೂ ಅದನ್ನು ಓದಿ, ಉಳಿದ ಆ ಏಳು ಕೃಷ್ಣಮೃಗಗಳಿದ್ದ ಆವರಣದ ಕಡೆಗೆ ನಡೆಯಲಿ.