ಸ್ವಂತಕ್ಕೆ ಬೇಕು ಎಂದರೆ ಮಳಿಗೆ ಬಿಡಬೇಕೇ?

2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಅಕ್ಕಪಕ್ಕದ ಹೆಬ್ಬಾಳ, ಕೆಂಪಾಪುರಗಳ ವ್ಯಾಪಾರದ ರೀತಿಯೇ ಬದಲಾಯಿತು. ಈಗ ವಿಮಾನ ನಿಲ್ದಾಣದ ಮೆಟ್ರೋ ಮಾರ್ಗವೂ ಇದೇ ದಾರಿಯಲ್ಲಿ ಬರುತ್ತಿದೆ. ಬಾಡಿಗೆ ಏರಿದ ಕಡೆ "ಮಗನಿಗೆ ಅಂಗಡಿ ಹಾಕಿಕೊಡಬೇಕು, ಖಾಲಿ ಮಾಡಿ" ಎಂಬ ಮಾತೂ ಕೇಳಿಬರುತ್ತದೆ. "ಅಗತ್ಯವನ್ನು ಕೋರ್ಟಿನಲ್ಲಿ ಸಾಬೀತು ಮಾಡಿ, ಆಮೇಲೆ ನೋಡೋಣ" ಎಂದು ಬಾಡಿಗೆದಾರರು ಧೈರ್ಯವಾಗಿರುತ್ತಾರೆ. ಆದರೆ ಇಲ್ಲಿನ ಬಹುಪಾಲು ಮಳಿಗೆಗಳಿಗೆ ಈ ಧೈರ್ಯಕ್ಕೆ ಆಧಾರವಿಲ್ಲ.

ಈ ನಂಬಿಕೆ ಹುಟ್ಟಿದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಿಂದ. ಅದರ 21ನೇ ಕಲಮಿನಂತೆ ಮಾಲೀಕರ ಅಗತ್ಯ ನ್ಯಾಯವೂ ಪ್ರಾಮಾಣಿಕವೂ ಆಗಿರಬೇಕಿತ್ತು. ತೆರವಾದರೆ ಬಾಡಿಗೆದಾರರಿಗೆ ಆಗುವ ಕಷ್ಟ ಹೆಚ್ಚೋ, ತೆರವಾಗದಿದ್ದರೆ ಮಾಲೀಕರಿಗೆ ಆಗುವ ಕಷ್ಟ ಹೆಚ್ಚೋ ಎಂದು ನ್ಯಾಯಾಲಯ ತೂಗಿ ನೋಡುತ್ತಿತ್ತು.

ಅದರ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಇದರ 27(2)(ಆರ್) ಕಲಮು ಸ್ವಂತ ಅಗತ್ಯಕ್ಕೆ ಸಂಬಂಧಿಸಿದ್ದು. ತನಗೆ ಅಥವಾ ತನ್ನನ್ನು ಅವಲಂಬಿಸಿದ ಕುಟುಂಬದವರಿಗೆ ಜಾಗ ಬೇಕೆಂದು ಮಾಲೀಕರು ಅಫಿಡವಿಟ್ ಸಲ್ಲಿಸಿದರೆ, ಅದು ನಿಜವೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಬಾಡಿಗೆದಾರರ ಮೇಲೆ ಬೀಳುತ್ತದೆ. ಕಷ್ಟವನ್ನು ತೂಗುವ ಹಳೆಯ ನಿಯಮ ಇದರಲ್ಲಿ ಉಳಿಯಲಿಲ್ಲ. ನೆಪ ಮಾತ್ರ ಇಂದಿಗೂ ನಡೆಯದು. ಬರಿಯ ಆಸೆ ಬೇರೆ, ನಿಜವಾದ ಅಗತ್ಯ ಬೇರೆ. ನ್ಯಾಯಾಧೀಶರು ಮಾಲೀಕರ ಸ್ಥಾನದಲ್ಲಿ ಕುಳಿತು ಯೋಚಿಸಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1999ರ ಶಿವ ಸರೂಪ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ.

ಮುಖ್ಯ ವಿಷಯ ಬೇರೆಯೇ ಇದೆ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ವ್ಯಾಪಾರದ ಜಾಗವಾದರೆ ಅದು 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ, ಮೀರಿರಬಾರದು. 10 ಅಡಿಗೆ 15 ಅಡಿ ಅಂಗಡಿ ಮಿತಿಯೊಳಗೆ ಬರುತ್ತದೆ, 12 ಅಡಿಗೆ 15 ಅಡಿ ಅಂಗಡಿ ಹೊರಗೆ ಉಳಿಯುತ್ತದೆ. ಅಳತೆಯಲ್ಲಿ ಗೆದ್ದರೂ ಬಾಡಿಗೆಯಲ್ಲಿ ಸೋಲುವ ಮಳಿಗೆಗಳೇ ಕೆಂಪಾಪುರದಂಥ ಕಡೆ ಹೆಚ್ಚು.

ಹೀಗೆ ಹೊರಗುಳಿದ ಮಳಿಗೆಗೆ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಅಂಗಡಿಯನ್ನು ಬಿಡಿಸಲು 15 ದಿನಗಳ ನೋಟಿಸ್ ಸಾಕು. ಕಾರಣ ಹೇಳಬೇಕಾಗಿಯೇ ಇಲ್ಲ. ಇಪ್ಪತ್ತು ವರ್ಷ ಕೂಡಿಸಿದ ಗಿರಾಕಿಗಳು, ಸಾಲಕ್ಕೆ ತಂದ ಸರಕು, ಒಳಗಿನ ಮರಗೆಲಸದ ಖರ್ಚು ಇವೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆಂದು ಮಾಲೀಕರು ತಾವೇ ಬೀಗ ಜಡಿಯುವಂತಿಲ್ಲ. ನೋಟಿಸಿನ ಅವಧಿ ಮುಗಿದರೂ ಬಾಡಿಗೆದಾರರು ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಬಲವಂತವಾಗಿ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು.

ಆದ್ದರಿಂದ ಬಾಡಿಗೆದಾರರಿಗೆ ನಿಜವಾದ ರಕ್ಷಣೆ ಕರಾರು. ಒಂದು ವರ್ಷ ಮೀರಿದ ಗುತ್ತಿಗೆ ಕರಾರು ನೋಂದಣಿಯಾಗಲೇಬೇಕು. ಆ ಖರ್ಚು ತಪ್ಪಿಸಲೆಂದೇ 11 ತಿಂಗಳ ಪತ್ರ ಬರೆಸುವ ರೂಢಿ ಬೆಳೆದಿದೆ. ಉಳಿಯುವುದು ಕೆಲವು ಸಾವಿರ, ಅಪಾಯಕ್ಕೆ ಒಡ್ಡುವುದು ಇಡೀ ವ್ಯಾಪಾರ. ಮೂರು ಅಥವಾ ಐದು ವರ್ಷದ ನೋಂದಾಯಿತ ಕರಾರು, ಬಿಡಿಸಲು ಕನಿಷ್ಠ ಆರು ತಿಂಗಳ ನೋಟಿಸ್, ಮುಂಗಡ ಹಿಂತಿರುಗಿಸುವ ದಿನ ಇಷ್ಟನ್ನು ಬರೆಸಿಕೊಂಡರೆ, ಆ ಅವಧಿಯೊಳಗೆ ಸ್ವಂತ ಅಗತ್ಯದ ಹೆಸರಿನಲ್ಲೂ ಸುಮ್ಮನೆ ಎಬ್ಬಿಸಲಾಗದು.

ಮಾಲೀಕರಿಗೂ ಇದರಲ್ಲಿ ಒಳಿತಿದೆ. ಹೆಚ್ಚಿನ ಬಾಡಿಗೆ ಬೇಕಿದ್ದರೆ ಹಾಗೆಂದೇ ಹೇಳಬಹುದು. ಇಲ್ಲದ ಮಗನ ಅಂಗಡಿಯ ಕಥೆ ಕಟ್ಟಬೇಕಾಗಿಲ್ಲ. ಸಮಾಜದಲ್ಲಿ ಮಳಿಗೆ ಕೊಟ್ಟವರೂ ಇದ್ದಾರೆ, ಪಡೆದವರೂ ಇದ್ದಾರೆ. ಎರಡೂ ಕಡೆಯವರು ಮನೆಯಲ್ಲಿರುವ ಕರಾರು ಪತ್ರ ತೆಗೆದು, ಅವಧಿ ಯಾವಾಗ ಮುಗಿಯುತ್ತದೆ, ನೋಟಿಸ್ ಎಷ್ಟು ದಿನ ಎಂದು ಈ ವಾರವೇ ಓದಿಕೊಳ್ಳುವುದು ಒಳ್ಳೆಯದು.