ಅಪ್ಪನ ಕಾರು, ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಅಳತೆಯ ಮಹತ್ವವನ್ನು ಬೆಂಗೇರಿಯವರಿಗೆ ಹೊರಗಿನವರು ಬಂದು ಬೋಧಿಸಬೇಕಾದ ಅಗತ್ಯವಿಲ್ಲ. 1957ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣದಲ್ಲಿ, ಬಹುಮಟ್ಟಿಗೆ ನಮ್ಮ ಅಕ್ಕತಂಗಿಯರ ಕೈಯಿಂದಲೇ, ರಾಷ್ಟ್ರಧ್ವಜವು ಸಿದ್ಧವಾಗುತ್ತದೆ. ನಿಯಮವು ಒಂಬತ್ತು ಅಳತೆಗಳನ್ನು ಗೊತ್ತುಮಾಡಿದೆ. ಅತಿ ದೊಡ್ಡ ಧ್ವಜ 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ. ಮೇಜಿನ ಮೇಲಿಡುವ ಅತಿ ಚಿಕ್ಕದು 150ಕ್ಕೆ 100. ಎಲ್ಲದರಲ್ಲಿಯೂ ಉದ್ದಗಲಗಳ ಪ್ರಮಾಣ ಮೂರಕ್ಕೆ ಎರಡು. ಆದರೆ ಚಕ್ರದ ಲೆಕ್ಕ ಸ್ವಲ್ಪ ಬೇರೆ. ದೊಡ್ಡ ಧ್ವಜದ ಚಕ್ರದ ವ್ಯಾಸ 1295 ಮಿಲಿಮೀಟರ್. ಅದನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಚಿಕ್ಕ ಧ್ವಜದಲ್ಲಿ ಸುಮಾರು 31 ಆಗಬೇಕು. ನಿಯಮವು ವಿಧಿಸಿರುವುದು 25. ಒಂದು ವಸ್ತುವನ್ನು ಚಿಕ್ಕದು ಮಾಡುವಾಗ ಅದರ ಎಲ್ಲ ಅಂಗಗಳೂ ಒಂದೇ ರೀತಿಯಲ್ಲಿ ಚಿಕ್ಕದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ನನಗೆ ತಿಳಿಯದು.

ಈ ವಿಚಾರ ನೆನಪಾಗಲು ಕಾರಣವುಂಟು. ನಮ್ಮ ಬಡಾವಣೆಯ ಯುವಕನೊಬ್ಬ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು, ರಜೆಗೆ ಬಂದಾಗಲೆಲ್ಲ ರಟ್ಟು, ತೆಳುವಾದ ಪ್ಲಾಸ್ಟಿಕ್ ಹಾಳೆ, ಅಂಟು, ಉಜ್ಜುಕಾಗದಗಳನ್ನು ಹರಡಿಕೊಂಡು ಕೂಡುತ್ತಿದ್ದ. ಅವನ ತಂದೆ ಅನೇಕ ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿ ಮಕ್ಕಳನ್ನು ಓದಿಸಿದವರು. ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಆ ಕಾರಿನ ಪ್ರತಿಕೃತಿಯನ್ನು ತನ್ನ ಕೈಯಿಂದಲೇ ಮಾಡಿ ಕೊಡಬೇಕೆಂಬುದು ಮಗನ ಸಂಕಲ್ಪ. ಅದು ಕೊನೆಯವರೆಗೂ ಗುಟ್ಟಾಗಿರಬೇಕೆಂಬುದು ಅವನ ಆಸೆ.

ಲೆಕ್ಕವೇನೋ ಸುಲಭವಾಗಿತ್ತು. ಅಂಬಾಸಿಡರಿನ ಉದ್ದ 4325 ಮಿಲಿಮೀಟರ್, ಅಗಲ 1662, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ 2464. ಎಲ್ಲವನ್ನೂ 24ರಿಂದ ಭಾಗಿಸಿದರೆ ಉದ್ದ 180, ಅಗಲ 69, ಗಾಲಿಗಳ ಅಂತರ 103. ಅಂಗೈಯ ಮೇಲೆ ನಿಲ್ಲುವ ಕಾರು. ತೊಡಕು ಆರಂಭವಾದುದು ಅನಂತರ. ಒಂದು ಮಿಲಿಮೀಟರ್ ದಪ್ಪದ ತಗಡನ್ನು 24ರಿಂದ ಭಾಗಿಸಿದರೆ ಅದು ನಾವು ಬರೆಯುವ ಕಾಗದಕ್ಕಿಂತಲೂ ತೆಳುವಾಗುತ್ತದೆ. ಅದರಿಂದ ಬಾಗಿಲು ಮಾಡಲಾಗದು. ಮಳೆನೀರು ಹರಿಯುವ ಚಾವಣಿಯ ಅಂಚು, ಒರೆಸುವ ಕಡ್ಡಿ, ಬಾಗಿಲ ಹಿಡಿಕೆ ಇವೆಲ್ಲ ಲೆಕ್ಕದ ಪ್ರಕಾರ ಕೂದಲೆಳೆಗಳಾಗಿ ಮಾಯವಾಗುತ್ತವೆ. ಕೆಲವನ್ನು ಕೈಬಿಡಬೇಕು, ಕೆಲವನ್ನು ಇರಬೇಕಾದುದಕ್ಕಿಂತ ದೊಡ್ಡದು ಮಾಡಬೇಕು. ಯಾವುದನ್ನು ಬಿಡುವುದು? ಯಾವುದನ್ನು ಉಳಿಸುವುದು? ಅಳತೆಪಟ್ಟಿಯು ಇದಕ್ಕೆ ಉತ್ತರ ಹೇಳುವುದಿಲ್ಲ.

ಅದರ ಮೇಲೆ ಇನ್ನೊಂದು ಸಂದೇಹ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಒಂದೇ ಕಾರೆಂದು ನಾವೆಲ್ಲ ಭಾವಿಸಿದ್ದೇವೆ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹೆಸರು ಬದಲಾದಂತೆ ಅದರ ಮುಖದ ಜಾಲರಿಯೂ ಬದಲಾಗುತ್ತ ಬಂದಿತ್ತು. ಅಪ್ಪನ ಕಾರು ಯಾವುದು? ಮನೆಯಲ್ಲಿದ್ದ ಒಂದೇ ಭಾವಚಿತ್ರದಲ್ಲಿ ಕಾರಿನ ಮುಂದೆ ಇಡೀ ಕುಟುಂಬ ನಿಂತು ಜಾಲರಿಯನ್ನು ಮರೆಮಾಡಿತ್ತು. ಬಲ್ಲವರು ಪಕ್ಕದ ಕೋಣೆಯಲ್ಲಿಯೇ ಪತ್ರಿಕೆ ಓದುತ್ತ ಕುಳಿತಿದ್ದರು!

ಕೊನೆಗೆ ಗುಟ್ಟು ಬಿಟ್ಟುಕೊಟ್ಟು ಕೇಳಿದ. ಎರಡು ಮಾತಿನ ಉತ್ತರವನ್ನು ನಿರೀಕ್ಷಿಸಿದ್ದವನಿಗೆ ಮಧ್ಯಾಹ್ನವೆಲ್ಲ ಕಳೆಯಿತು. ಜಾಲರಿಯ ವಿಷಯ ಅರ್ಧ ನಿಮಿಷದಲ್ಲಿ ಮುಗಿದಿತ್ತು. ಸ್ಟಿಯರಿಂಗಿನ ಬುಡದಲ್ಲಿದ್ದ ಗೇರಿನ ಕಡ್ಡಿ, ಮುಂದಿನ ಉದ್ದನೆಯ ಸೀಟಿನಲ್ಲಿ ಒತ್ತಿಕೊಂಡು ಕೂಡುತ್ತಿದ್ದ ಮೂವರು, ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತಿದ್ದ ಹಿಂದಿನ ಎಡಬಾಗಿಲು, ರಾತ್ರಿ ಪಾಳಿಯಲ್ಲಿ ಹೆರಿಗೆಗೆಂದು ಕರೆದೊಯ್ದು ಬಾಡಿಗೆ ಕೇಳದೆ ಬಂದ ಮನೆಗಳು, ಮುಂಗಾಜಿನ ಕೆಳಗೆ ಅಂಟಿಸಿದ್ದ ವೇಳಾಂಗಣಿ ಮಾತೆಯ ಪುಟ್ಟ ಚಿತ್ರ ಇವೆಲ್ಲ ಹೊರಬಂದವು. ಇವುಗಳಲ್ಲಿ ಬಹುಪಾಲನ್ನು ಮಗನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅಂಚೆಚೀಟಿಯಷ್ಟಿದ್ದ ಆ ಚಿತ್ರವನ್ನು 24ರಿಂದ ಭಾಗಿಸಿದರೆ ಸಾಸಿವೆಯ ಗಾತ್ರವೂ ಉಳಿಯದು. ಅವನು ಅದನ್ನು ನಾಲ್ಕು ಮಿಲಿಮೀಟರ್ ಮಾಡಿ ಅಂಟಿಸಿದ್ದಾನೆ. ಲೆಕ್ಕಕ್ಕೆ ತಪ್ಪು, ಆದರೆ ತಂದೆಯವರು ಕನ್ನಡಕ ಹಾಕಿಕೊಂಡು ಮೊದಲು ಹುಡುಕಿದ್ದು ಅದನ್ನೇ.

ಮನುಷ್ಯನು ಪ್ರತಿಕೃತಿಯನ್ನು ಕಂಡು ಸಂತೋಷಿಸುವುದು ‘ಇದು ಅದೇ’ ಎಂದು ಗುರುತಿಸುವುದರಿಂದ ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ವಿವರಿಸುತ್ತಾನೆ. ತಂದೆತಾಯಿಗಳ ಋಣವನ್ನು ಯಾರೂ ಪೂರ್ತಿಯಾಗಿ ತೀರಿಸಲಾರರೆಂದು ನೀತಿಶಾಸ್ತ್ರದಲ್ಲಿ ಹೇಳಿದವನೂ ಅವನೇ. ತೀರಿಸಲಾಗದ ಸಾಲಕ್ಕೆ ಕೊಡುವ ಯಾವ ಕಾಣಿಕೆಯೂ ಪ್ರಮಾಣದಲ್ಲಿ ಚಿಕ್ಕದಾಗಿಯೇ ಇರುತ್ತದೆ. ಅದು ಚಿಕ್ಕದೆಂಬುದರಲ್ಲಿ ನಾಚಿಕೆಯಿಲ್ಲ. ಅದರಲ್ಲಿ ಕೊಡುವವನು ಯಾವುದನ್ನು ಗುರುತಿಸಿದ್ದಾನೆಂಬುದೇ ಪ್ರಶ್ನೆ. ಅಂಗಡಿಯಲ್ಲಿ ದೊರೆಯುವ ಅಂಬಾಸಿಡರ್ ಆಟಿಕೆಯು ನಮ್ಮವನ ಕೆಲಸಕ್ಕಿಂತ ನಯವಾಗಿದೆ, ಅಗ್ಗವೂ ಹೌದು. ಆದರೆ ಅದು ಎಲ್ಲರ ಅಪ್ಪಂದಿರ ಕಾರು.

ಸಂತ ಥಾಮಸ್ ಅಕ್ವಿನಾಸರು ‘ಪಿಯೆತಾಸ್’ ಎಂಬ ಸದ್ಗುಣವನ್ನು ಚರ್ಚಿಸುವಾಗ ದೇವರ ನಂತರ ನಾವು ಋಣಿಗಳಾಗಿರುವುದು ಹೆತ್ತವರಿಗೆ ಮತ್ತು ನಾಡಿಗೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಸೇರಿಸುತ್ತಾರೆ. ಧ್ವಜದ ಪ್ರತಿಯೊಂದು ಹೊಲಿಗೆಯನ್ನೂ ಎಣಿಸಿ ನೋಡುವ ಊರಿನಲ್ಲಿ ಈ ಮಾತು ಅರ್ಥವಾಗದೆ ಇರದು. ಆದರೂ, ವಾಚಕರೇ, ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೋ ಬೆಂಗಳೂರಿಗೋ ಹೋಗಿ ಹಿರಿಯರಷ್ಟೇ ಉಳಿದಿರುವ ಮನೆಗಳಿಗೆ ನಾನು ಹೋದಾಗ ಕಾಣುವುದೇನು? ಕಪಾಟಿನ ತುಂಬ ಕಾಣಿಕೆಗಳು. ಇನ್ನೂ ಬಿಚ್ಚದ ಪೆಟ್ಟಿಗೆಗಳು. ರಕ್ತದೊತ್ತಡ ಅಳೆಯುವ ಯಂತ್ರವೂ ಅವುಗಳಲ್ಲಿ ಒಂದು; ಅದನ್ನು ಬಳಸುವ ಕ್ರಮವನ್ನು ಹೇಳಿಕೊಡಲು ಯಾರೂ ಕುಳಿತಿಲ್ಲ.

ಕಾಣಿಕೆಯು ಕರ್ತವ್ಯಕ್ಕೆ ಬದಲಿಯಾಗಬಹುದೆಂಬ ಭ್ರಮೆ ಹಳೆಯದು. ಹೆತ್ತವರಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’ ಎಂದು ದೇವರಿಗೆ ಅರ್ಪಿಸಿ ಕೈತೊಳೆದುಕೊಂಡವರನ್ನು ಪ್ರಭುಗಳು ಎಷ್ಟು ಕಠಿಣವಾಗಿ ಖಂಡಿಸಿದರೆಂಬುದನ್ನು ಮಾರ್ಕನ ಏಳನೆಯ ಅಧ್ಯಾಯದಲ್ಲಿ ಓದಬಹುದು. ಹೆತ್ತವರ ಪಾಲನೆಗಾಗಿ 2007ರಲ್ಲಿ ಕೇಂದ್ರ ಸರಕಾರವು ಕಾನೂನನ್ನೇ ತಂದಿತು. ತಿಂಗಳಿಗೆ ಹತ್ತು ಸಾವಿರ ರೂಪಾಯಿಗಳವರೆಗೆ ಜೀವನಾಂಶ ವಿಧಿಸಲು ಅದರಲ್ಲಿ ಅವಕಾಶವಿದೆ. ‘ಅಪ್ಪಾ, ನಿನ್ನ ಕಾರಿನ ಯಾವ ಬಾಗಿಲು ಸರಿಯಿರಲಿಲ್ಲ?’ ಎಂದು ಕೇಳುವಂತೆ ಯಾವ ನ್ಯಾಯಮಂಡಳಿಯೂ ಆದೇಶಿಸಲಾರದು. ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ತಂದೆಯ ಬುದ್ಧಿ ಮಸುಕಾದಾಗಲೂ ತಾಳ್ಮೆಯಿಂದಿರಬೇಕೆಂದು ಮಗನಿಗೆ ತಿಳಿಸುತ್ತದೆ. ನೆನಪು ಮಾಸಿದ ಮೇಲೆ ತಾಳ್ಮೆಯೊಂದೇ ಉಳಿಯುವುದು; ಕೇಳುವುದಕ್ಕೆ ಅದಕ್ಕಿಂತ ಮುಂಚಿನ ಕಾಲವೇ ಬೇಕು.

ಅಪ್ಪನಿಗೆ ಕಾರಾದರೆ ಅಮ್ಮನಿಗೇನು ಎಂದು ಕೆಲವರು ಕೇಳಬಹುದು. ಬೆಂಗೇರಿ ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಮನೆ ನಡೆಸಿದ ತಾಯಂದಿರು ನಮ್ಮಲ್ಲಿ ಉಂಟು. ಅವರ ತಳ್ಳುಗಾಡಿಗೂ ನಾಲ್ಕು ಗಾಲಿಗಳಿದ್ದವು. ಅದನ್ನು ಮಾಡುವುದು ಅಂಬಾಸಿಡರಿಗಿಂತ ಸುಲಭ, ತಕ್ಕಡಿಯೊಂದನ್ನು ಬಿಟ್ಟು.

ಮಾಡಬೇಕೆನ್ನುವವರಿಗೆ ಆ ಯುವಕನಿಂದ ತಿಳಿದ ಒಂದೆರಡು ಸಂಗತಿಗಳು. ಬಣ್ಣವನ್ನು ಒಮ್ಮೆಗೇ ದಪ್ಪವಾಗಿ ಬಳಿಯದೆ ತೆಳುವಾಗಿ ನಾಲ್ಕೈದು ಸಲ ಹಚ್ಚಿ, ನಡುನಡುವೆ ನಯವಾದ ಉಜ್ಜುಕಾಗದದಿಂದ ತೀಡಬೇಕು. ಗಾಜಿಗೆ ತೊಳೆದು ಬಿಳುಪಾಗಿಸಿದ ಹಳೆಯ ಎಕ್ಸ್‌ರೇ ಹಾಳೆ ಸಾಕು. ಮಳೆಗಾಲದಲ್ಲಿ ಬಣ್ಣ ಬೇಗ ಒಣಗದು. ಆದ್ದರಿಂದ ಕ್ರಿಸ್ಮಸ್ಸಿಗೆ ಕೊಡಬೇಕೆನ್ನುವವರು ರಟ್ಟು ಕತ್ತರಿಸುವುದನ್ನು ಈಗಲೇ ಮುಗಿಸಿ, ಬಣ್ಣವನ್ನು ದಸರೆ ಕಳೆದ ಮೇಲೆ ಹಿಡಿಯುವುದು ಒಳ್ಳೆಯದು. ಗಾಡಿಯ ನಂಬರನ್ನು ಮಾತ್ರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿರಿ. ಮೊನ್ನೆಯ ಊಟವನ್ನು ಮರೆತ ಚಾಲಕರೂ ಅದನ್ನು ತಡೆಯಿಲ್ಲದೆ ಹೇಳುತ್ತಾರೆ.