ಮಂಗಳೂರಿಗೆ ಒಂದೇ ಗಂಟೆಯಂತೆ!

ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಅಂತಾರೆ. ಆಕಾಶದಲ್ಲಿ ಸುಮಾರು 300 ಕಿ.ಮೀ., ಶಿರಾಡಿ ಘಾಟಿ ರಸ್ತೆಯಲ್ಲಿ 350. ಕೇಳೋಕೆ ಚೆನ್ನಾಗೇ ಇದೆ. ಆದ್ರೆ ಆ ಒಂದು ಗಂಟೆ ವಿಮಾನದ್ದು, ನಮ್ಮದಲ್ಲ. ಇಲ್ಲಿ ನಿಂತ ಜಾಗ ಬಿಟ್ಟು ಅಲ್ಲಿ ಹೋಗಿ ನಿಲ್ಲೋವರೆಗಿನ ಲೆಕ್ಕ ಅಷ್ಟೇ.

ನಮ್ಮ ಲೆಕ್ಕ ಬೇರೆ. ಜಯನಗರದಿಂದ ದೇವನಹಳ್ಳಿಗೆ ಟ್ರಾಫಿಕ್ಕಲ್ಲಿ ಎರಡು ಗಂಟೆ. ಅಲ್ಲಿ ಸಾಲಲ್ಲಿ ನಿಂತು, ಕೂತು ಕಾಯೋದು ಒಂದೂವರೆ. ಹಾರಾಟ ಒಂದು. ಬಜ್ಪೆಯಲ್ಲಿ ಲಗೇಜು ಹಿಡ್ಕೊಂಡು, ಗುಡ್ಡ ಇಳಿದು ಪೇಟೆ ಸೇರೋಕೆ ಇನ್ನೊಂದು. ಒಟ್ಟು ಐದೂವರೆ! 300ನ್ನ ಭಾಗಿಸಿ ನೋಡಿ, ಗಂಟೆಗೆ 54 ಕಿ.ಮೀ. ಚಿಲ್ಲರೆ ಸ್ಕೂಟರ್ ವೇಗ :) 2008ರ ಮೇವರೆಗೆ ಎಚ್‌ಎಎಲ್‌ನಿಂದ ವಿಮಾನ ಹೊರಡ್ತಿದ್ದಾಗ ಊರೊಳಗಿನವರಿಗೆ ಈ ಮೊದಲ ಎರಡು ಗಂಟೆ ಇರ್ಲಿಲ್ಲ.

ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದ್ರೆ ನಾನೂ ವಿಮಾನವನ್ನೇ ಹುಡುಕ್ತೀನಿ, ಉಳಿಯೋ ಎರಡು ಗಂಟೆಯೂ ದೊಡ್ಡದೇ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದ್ರಂತೂ ಕೇಳೋದೇ ಬೇಡ. ಆದ್ರೆ 'ವಿಮಾನ ಇದೆಯಲ್ಲಾ' ಅಂತ ಹೇಳಿ ಘಾಟಿ ರಸ್ತೆಯನ್ನೂ, ಸಕಲೇಶಪುರ ದಾಟಿದ್ಮೇಲೆ ತೆವಳೋ ರೈಲನ್ನೂ ಮರೆಯೋದು ನಂಗೆ ಒಪ್ಪಿಗೆಯಿಲ್ಲ. ಆ ಟಿಕೆಟ್ಟಿಗೆ ದುಡ್ಡಿಲ್ಲದವರ ಮನೆಯಲ್ಲೂ ಅಮ್ಮಂದಿರಿಗೆ ಹುಷಾರು ತಪ್ಪುತ್ತೆ ಮಾರಾಯ್ರೆ. ಮೊದಲು ಆ ಘಾಟಿ ಸರಿಮಾಡಲಿ.